ಬಂದರಿಕೆ ಮೇಡಂ

ನಾಗವೇಣಿ ಮೇಡಂ ಏನನ್ನೇ ಕುಡಿಯುವ ಮೊದಲೂ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ನೀರಾದರೂ ಅಷ್ಟೆ, ಮಜ್ಜಿಗೆಯಾದರೂ ಅಷ್ಟೆ. ನಮ್ಮ ಮನೆಯಲ್ಲಿರುವುದೆಲ್ಲ ಸ್ಟೀಲಿನ ಲೋಟ. ಸ್ಟೀಲಿನ ಮೂಲಕ ಏನು ಕಾಣುತ್ತದೆ? ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ತಮಗೇ ನೆನಪಾಗಿ ನಗುತ್ತಿದ್ದರು. ಮೇಲಿನ ಕೋಣೆ ಬಾಡಿಗೆಗೆ ಕೇಳಲು ಬಂದ ದಿನ ನಾನು ಕೊಟ್ಟ ಚಹಾವನ್ನೂ ಹಾಗೇ ಎತ್ತಿ ಹಿಡಿದರು. ನಮ್ಮ ಅತ್ತೆ ತಿಪ್ಪಮ್ಮ ಕಟ್ಟೆಯ ಮೇಲೆ ಕೂತವರು, "ಚಾದಾಗೆ ನೊಣ ಬಿದ್ದಿಲ್ಲ, ಕುಡಿಯವ್ವ. ನನ್ನ ಸೊಸಿ ಕಣ್ಣು ಇನ್ನೂ ಚೆನ್ನಾಗೈತೆ" ಎಂದರು.

"ಅಯ್ಯೋ ಹಂಗಲ್ಲ ಅಜ್ಜಿ, ಇದು ಲ್ಯಾಬಿನ ಚಾಳಿ" ಎಂದು ಮೇಡಂ ನಾಚಿಕೊಂಡು, ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡರು. ಕೋಣೆ ಕೊಟ್ಟೆವು.

ನಮ್ಮದು ಹೊನ್ನಾಳಿ. ಯಜಮಾನರಿಗೆ ಮೋಟಾರು ರಿವೈಂಡಿಂಗ್ ಅಂಗಡಿ. ಮೇಡಂ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದವರು. ನ್ಯಾಮತಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಈ ವರ್ಷ ಇದ್ದವರು ಬರುವ ವರ್ಷ ಇರುತ್ತಾರೆಂಬ ಖಾತ್ರಿ ಇಲ್ಲದ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ, ಪಾಠ ಮುಗಿದ ಮೇಲೂ ಕಾಲೇಜಿನ ಲ್ಯಾಬಿನಲ್ಲೇ ಕೂತು, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅವರ ಬ್ಯಾಗಿನಿಂದ ಎಂಥದೋ ಘಾಟು ವಾಸನೆ. ಪಿಎಚ್‌ಡಿಗೆಂದು ಬಂದರಿಕೆ ಸೊಪ್ಪಿನ ಮೇಲೆ ಕೆಲಸ ಮಾಡುತ್ತಿದ್ದರು. ಹಾಗಾಗಿ ನಮ್ಮ ಬೀದಿಯಲ್ಲಿ ನಾಗವೇಣಿ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬಂದರಿಕೆ ಮೇಡಂ ಎಂದರೆ ಹಾಲಿನ ಹುಡುಗನೂ ಮನೆ ತೋರಿಸುತ್ತಿದ್ದ.

ಅವರದು ಒಂದು ಮಾತಿತ್ತು: "ನಿಲ್ರಿ, ಮೊದ್ಲಿಂದ ಬರೋಣ." ಬೀಗದ ಕೈ ಕಳೆದರೆ, "ನಿಲ್ರಿ, ಮೊದ್ಲಿಂದ ಬರೋಣ" ಎಂದು ಗೇಟಿನ ತನಕ ಹೋಗಿ, ಮತ್ತೆ ಬಸ್ಸಿಳಿದು ಬಂದವರ ಹಾಗೆ ನಡೆದು ಬರುತ್ತಿದ್ದರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಾನು ಗೊಣಗಿದರೆ, ರುಚಿ ನೋಡುವುದು ಬಿಟ್ಟು, "ಅಕ್ಕಾ, ಮೊದ್ಲಿಂದ ಬರೋಣ. ಬೇಳೆ ಯಾವಾಗ ಹಾಕಿದ್ರಿ?" ಎನ್ನುತ್ತಿದ್ದರು. ಅಷ್ಟು ಓದಿದ ಹೆಂಗಸು ಇಷ್ಟೊಂದು ಗಲಿಬಿಲಿ ಮಾಡಿಕೊಳ್ಳುವುದನ್ನು ನಾನು ಕಂಡಿರಲಿಲ್ಲ. ಗಲಿಬಿಲಿಯಾದದ್ದನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನೂ ಕಂಡಿರಲಿಲ್ಲ.

ಬಂದರಿಕೆಗೂ ನಮ್ಮ ಅತ್ತೆಗೂ ನಂಟು ಹಳೆಯದು. ಅತ್ತೆಯ ತವರು ಜಗಳೂರಿನ ಕಡೆ. ಅಲ್ಲಿನ ಕುರುಚಲು ಗುಡ್ಡಗಳ ತುಂಬ ಈ ಗಿಡವೇ. ಎಲೆ ಮುಟ್ಟಿದರೆ ಬೆರಳಿಗೆ ಜಿಗುಟು, ಮೂಗಿಗೆ ಒಗರು ವಾಸನೆ. ದನದ ಕಾಲು ಉಳುಕಿದರೆ, ಗಾಯವಾದರೆ ಅತ್ತೆಯ ಅವ್ವ ಇದೇ ಸೊಪ್ಪು ಬಿಸಿ ಮಾಡಿ ಕಟ್ಟುತ್ತಿದ್ದರಂತೆ. ಮೇಡಂ ಮೊದಲ ಸಲ ಬ್ಯಾಗಿನಿಂದ ಒಂದು ಕಡ್ಡಿ ತೆಗೆದಾಗ ಅತ್ತೆ ಅದನ್ನು ಕಸಿದು ಮೂಸಿ, "ಇದು ನಮ್ಮೂರು ಕಣೇ" ಎಂದು ನನ್ನ ಮೂಗಿಗೂ ಹಿಡಿದರು.

ಆ ಹೊತ್ತಿಗೆ ಅತ್ತೆಯ ಎಡಗಾಲಿನಲ್ಲಿ ಒಂದು ಹುಣ್ಣಾಗಿತ್ತು. ಸಕ್ಕರೆ ಕಾಯಿಲೆಯ ಕಾಲು. ಕಿರುಬೆರಳಿನ ಬುಡದಲ್ಲಿ ಚಪ್ಪಲಿ ಕಚ್ಚಿದ್ದು ಮಾಯದೆ ಕೀವಾಯಿತು. ದಿನಾ ಬೆಳಿಗ್ಗೆ ನಾನೇ ಕುದಿಸಿ ಆರಿಸಿದ ನೀರಲ್ಲಿ ಒರೆಸಿ ಬಟ್ಟೆ ಕಟ್ಟುತ್ತಿದ್ದೆ. ದಾವಣಗೆರೆಯ ಡಾಕ್ಟರು ಮಾತ್ರೆ ಬದಲಿಸಿದರು, ಇಂಜೆಕ್ಷನ್ ಬದಲಿಸಿದರು, ಕೊನೆಗೆ ಕೀವು ಪರೀಕ್ಷೆಗೆ ಕಳಿಸಿ, ಇದರೊಳಗಿನ ಬ್ಯಾಕ್ಟೀರಿಯಾಗೆ ಮಾಮೂಲಿ ಮಾತ್ರೆಗಳು ನಾಟುತ್ತಿಲ್ಲ ಎಂದರು. ಎರಡು ಬೆರಳು ತೆಗೆಯಬೇಕಾದೀತು, ತಡ ಮಾಡಿದರೆ ಪಾದಕ್ಕೇ ಬಂದೀತು ಎಂದೂ ಹೇಳಿದರು. ಅತ್ತೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ, "ಹುಟ್ಟಿದಾಗ ಹತ್ತು ಬೆರಳು ಎಣಿಸಿ ಕೊಟ್ಟಾನೆ ದೇವರು. ಹತ್ತೂ ತಗಂಡೇ ಹೋಗ್ತೀನಿ" ಎಂದು ಹಟ ಹಿಡಿದರು.

ಮೇಡಂ ಮಾಡುತ್ತಿದ್ದ ಕೆಲಸ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಒಂದು ಸಂಜೆ ತಾರಸಿಯ ಮೇಲೆ ಅತ್ತೆ ಕೇಳಿದರು: "ಎಲೆಯಾಗೇ ಮದ್ದು ಐತೆ ಅಂತೀಯ. ಮತ್ತೆ ಅದನ್ನ ಬದಲು ಮಾಡಾಕೆ ಯಾಕೆ ಹೋಗ್ತೀಯ?"

"ಎಲೆಯಾಗೆ ಇರೋದು ಗಿಡ ತನಗೋಸ್ಕರ ಮಾಡ್ಕಂಡಿರೋದು ಅಜ್ಜಿ, ನಮಗೋಸ್ಕರ ಅಲ್ಲ" ಎಂದರು ಮೇಡಂ. "ಅದು ಬ್ಯಾಕ್ಟೀರಿಯಾ ಒಳಗೆ ಹೋಗ್ತೈತೆ, ಆದ್ರೆ ನಿಲ್ಲಂಗಿಲ್ಲ. ಅಣ್ಣಾರ ಅಂಗಡಿಯಾಗೆ ಮೋಟಾರು ಅದಾವಲ್ಲ, ಹಂಗೆ ಬ್ಯಾಕ್ಟೀರಿಯಾ ಮೈಯಾಗೂ ಸಣ್ಣ ಸಣ್ಣ ಪಂಪು ಇರ್ತಾವೆ. ಒಳಗೆ ಬಂದ ಮದ್ದನ್ನ ಎತ್ತಿ ಎತ್ತಿ ಹೊರಗೆ ಚೆಲ್ತಾವೆ. ಅದಕ್ಕೆ ನಾನು ಎಲೆಯಿಂದ ತೆಗೆದ ಪದಾರ್ಥಕ್ಕೆ ಒಂದು ಬಾಲ ಅಂಟಿಸ್ತೀನಿ. ಆಗ ಪಂಪಿನ ಬಾಯಿಗೆ ಅದು ಸಿಗಬಾರ್ದು."

ಯಜಮಾನರು ಪೇಪರಿನಿಂದ ತಲೆ ಎತ್ತಿ, "ಪೈಪಿನ ತುದಿಯಾಗಿರೋ ಫುಟ್‌ವಾಲ್ವಿಗೆ ಪಾಚಿ ಸಿಕ್ಕಂಡಂಗೆ ಅನ್ರಿ. ಎಷ್ಟು ಎಚ್‌ಪಿ ಮೋಟಾರು ಇದ್ರೂ ನೀರು ಎತ್ತಂಗಿಲ್ಲ" ಎಂದರು.

"ಹಾಂ! ಅದೇ, ಅದೇ!" ಎಂದು ಮೇಡಂ ಕುಣಿದುಬಿಟ್ಟರು. ಮರುದಿನ ಕ್ಲಾಸಿನಲ್ಲೂ ಫುಟ್‌ವಾಲ್ವನ್ನೇ ಹೇಳಿದರಂತೆ.

ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ಬಾಲ ಎಲ್ಲಿಂದ ತರ್ತೀಯ?"

"ಬಾಟ್ಲಿಯಾಗೆ ಬರ್ತೈತೆ."

"ಬಾಲ ಬಾಟ್ಲಿಯಾಗೆ!" ಎಂದು ಅತ್ತೆ ಆ ರಾತ್ರಿ ಊಟದ ತನಕವೂ ನಗುತ್ತಿದ್ದರು. ಆದರೆ ಮಲಗುವ ಮೊದಲು ನನ್ನನ್ನು ಕರೆದು, "ಆ ಹುಡುಗಿ ಸುಳ್ಳು ಹೇಳಾಕಿಲ್ಲ. ಅದು ಕೈಗೆ ಬಂದ್ರೆ ನನ್ನ ಕಾಲು ಉಳೀತೈತೆ ನೋಡ್ತಿರು" ಎಂದರು.

ಮೊದಲು ತಂದ ಸೊಪ್ಪನ್ನು ಮೇಡಂ ಕಾಲೇಜಿನಲ್ಲೇ ನ್ಯೂಸ್ ಪೇಪರ್ ಹಾಸಿ ಒಣಗಿಸಿದ್ದರು. ಅದು ಬಾಲವಿಲ್ಲದೆಯೂ ಕೆಲಸ ಮಾಡಲಿಲ್ಲ, ಬಾಲ ಅಂಟಿಸಿದರೂ ಮಾಡಲಿಲ್ಲ. ಸುದ್ದಿ ಕೇಳಿ ಅತ್ತೆ, "ಅಷ್ಟು ದೂರದ ಸೊಪ್ಪು ತಂದು ಪೇಪರ್ ಮ್ಯಾಲೆ ಹಾಕಿದ್ರೆ ಅದಕ್ಕೂ ಬೇಜಾರಾಗಲ್ವ? ಕೊಡು ಇಲ್ಲಿ" ಎಂದು ಹೊಣೆ ತಾವೇ ತೆಗೆದುಕೊಂಡರು. ಜಗಳೂರಿನ ಕಡೆಯಿಂದ ಅವರ ತಮ್ಮ ಬಸ್ಸಿಗೆ ಚೀಲ ಹಾಕಿ ಕಳಿಸಿದ. ಮೇಲಿನ ಪಡಸಾಲೆಯ ನೆರಳಲ್ಲಿ ಗೋಣಿತಟ್ಟು ಹಾಸಿ, ಹುಣ್ಣಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಅತ್ತೆ ದಿನವಿಡೀ ಸೊಪ್ಪು ಕೈಯಾಡಿಸುತ್ತ ಕೂರುತ್ತಿದ್ದರು. ಮಗು ಮಲಗಿಸಿದಷ್ಟು ಜೋಪಾನ.

ಆ ಸೊಪ್ಪು ಕೆಲಸ ಮಾಡಿತು.

ಪರೀಕ್ಷೆ ಮಾಡುತ್ತಿದ್ದದ್ದು ಶಿವಮೊಗ್ಗದಲ್ಲಿದ್ದ ಮೇಡಂ ಗೆಳತಿ. ಅವರು ಕಳಿಸಿದ ಫೋಟೋವನ್ನು ಮೇಡಂ ಬಸ್ಸಿಳಿದವರೇ ಓಡಿಬಂದು ತೋರಿಸಿದರು. ಚಪ್ಪಲಿ ಅಡುಗೆಮನೆ ತನಕ ಬಂದದ್ದೂ ಗೊತ್ತಿಲ್ಲ. ಗಾಜಿನ ತಟ್ಟೆಯಲ್ಲಿ ಕೆನೆಗಟ್ಟಿದ ಹಾಲಿನಂತೆ ಬ್ಯಾಕ್ಟೀರಿಯಾ. ನಡುವೆ ಒಂದು ಚುಕ್ಕಿ. ಚುಕ್ಕಿಯ ಸುತ್ತ ಉಂಗುರದ ಹಾಗೆ ದುಂಡಗೆ ಖಾಲಿ ಜಾಗ.

"ಈ ಖಾಲಿ ಐತಲ್ಲ ಅಕ್ಕಾ, ಇಲ್ಲಿ ಒಂದೂ ಬೆಳೆದಿಲ್ಲ."

ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ನನ್ನ ಹುಣ್ಣಿನಾಗೆ ಇರೋವು ಇವೇ ಏನವ್ವ?"

"ಅದೇ ಜಾತಿಯವು ಅಜ್ಜಿ."

"ಹಂಗಾದ್ರೆ ಒಂದು ಚಿಟಿಕೆ ಕೊಡು."

ಮೇಡಂ ಮುಖದ ನಗು ಅಲ್ಲೇ ನಿಂತುಹೋಯಿತು. "ಅಜ್ಜಿ, ಇದು ಮದ್ದಲ್ಲ. ಗಾಜಿನ ತಟ್ಟೆಯಾಗೆ ಫಿನಾಯಿಲೂ ಕೊಲ್ತೈತೆ, ಆಸಿಡ್ಡೂ ಕೊಲ್ತೈತೆ. ಅದನ್ನ ಕಾಲಿಗೆ ಹಾಕಾಕೆ ಬರ್ತೈತೇನ್ರಿ? ಇದು ನಿಮ್ಮ ಮಾಂಸಕ್ಕೆ ಏನು ಮಾಡ್ತೈತೆ ಅಂತ ನನಗೆ ಗೊತ್ತಿಲ್ಲ. ಮದ್ದು ಆಗೋದಾದ್ರೂ ಇನ್ನೂ ಎಷ್ಟೋ ವರ್ಷ ಬೇಕು."

"ನನ್ನ ತವರಿನ ಸೊಪ್ಪು. ಒಣಗಿಸಿದಾಕಿ ನಾನು. ಊರಿನ ತಟ್ಟೆಗೆಲ್ಲ ಹಾಕ್ತೀಯ, ನನ್ನ ಕಾಲಿಗೆ ಇಲ್ಲ."

"ಅಜ್ಜಿ..."

"ನೀನು ಕೊಡೋ ತನಕ ನಾನು ದಾವಣಗೆರೆಗೆ ಹೋಗಂಗಿಲ್ಲ. ಬೆರಳು ಕೊಳೆತು ತಾನೇ ಉದುರ್ಲಿ."

ಅಂದಿನಿಂದ ಮೇಡಂ ಮೆಟ್ಟಿಲು ಇಳಿಯುವ ಸದ್ದಾದರೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಮೇಡಂ ಬಾಗಿಲಲ್ಲಿ ನಿಂತು, "ಅಜ್ಜಿ, ಆಸ್ಪತ್ರೆಗೆ ಹೋಗೋಣ್ರಿ, ನಾನೂ ಬರ್ತೀನಿ" ಎಂದರೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ನಾನು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಹುಣ್ಣಿನ ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಪಾದದ ಮೇಲೆ ಏರುತ್ತಿತ್ತು. ಯಾರ ಪರ ಮಾತಾಡಬೇಕೆಂದು ನನಗೂ ತಿಳಿಯಲಿಲ್ಲ. ಒಂದು ಸಲವಂತೂ ನಾನೇ ಮೇಡಂ ಹತ್ತಿರ, "ಒಂದು ಚಿಟಿಕೆಯಿಂದ ಅಂಥದ್ದೇನಾಗ್ತೈತೆ?" ಎಂದುಬಿಟ್ಟೆ. ಅವರು ನನ್ನನ್ನೇ ನೋಡುತ್ತ, "ಅಕ್ಕಾ, ನನಗೂ ದಿನಾ ಅದೇ ಅನ್ನಿಸ್ತೈತೆ. ಅದಕ್ಕೇ ಭಯ" ಎಂದರು.

ಆ ವಾರದ ಬಟ್ಟೆ ಒಗೆಯುವ ದಿನ ಮೇಡಂ ತಮ್ಮ ಬಿಳಿ ಕೋಟನ್ನು ಒಗೆಯುವ ಕಲ್ಲಿಗೆ ತಂದರು. ತೋಳಿನ ಮೇಲೆ ಅಂಗೈಯಗಲ ಹಳದಿ ಕಲೆ. ಕೊಡಿ, ನನ್ನ ಬಟ್ಟೆಯ ಜೊತೆ ಉಜ್ಜುತ್ತೇನೆ ಎಂದು ಇಸಿದುಕೊಂಡೆ. ಸೋಪು ತಗುಲಿದ್ದೇ ತಡ, ಹಳದಿ ಹೋಗಿ ಕೆಂಪಾಯಿತು. ಓಕುಳಿಯ ಕೆಂಪು.

"ಅರಿಶಿಣ ಚೆಲ್ಲಿಕಂಡಿದ್ರೇನ್ರೀ ಮೇಡಂ?" ಎಂದೆ. ನಾನು ಕೇಳಿದ್ದು ಸಹಜವಾಗಿ. ಅರಿಶಿಣದ ಕಲೆ ಸೋಪಿಗೆ ಕೆಂಪಾಗುವುದು ಸೀರೆ ಒಗೆದ ಯಾರಿಗಾದರೂ ಗೊತ್ತು.

"ಇಲ್ಲಕ್ಕಾ, ಅದು ಬಂದರಿಕೆ ಸಾರ. ಅದರ ಬಣ್ಣಾನೇ ಹಳದಿ..." ಎನ್ನುತ್ತ ಬಗ್ಗಿದವರು ಮಾತು ನಿಲ್ಲಿಸಿದರು. ಕಲೆಯ ಮೇಲೆ ನೀರು ಹಾಕಿದರು. ಮತ್ತೆ ಹಳದಿಗೆ ತಿರುಗಿತು. ಸೋಪು ಹಚ್ಚಿದರು, ಕೆಂಪು. ನೀರು, ಸೋಪು, ನೀರು. ಕೋಟಿನ ತೋಳನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. ಅವರ ಬಾಯಿಂದ ಬಹಳ ಸಣ್ಣಗೆ, "ನಿಲ್ರಿ... ಮೊದ್ಲಿಂದ ಬರೋಣ" ಎಂಬ ಮಾತು ಬಂತು.

ಒದ್ದೆ ಕೋಟು ಕೈಯಲ್ಲಿ ಹಿಡಿದೇ ಅವರು ಅತ್ತೆಯ ಮಂಚದ ಹತ್ತಿರ ಹೋದರು. ನಾನು ಸೋಪಿನ ಕೈಯಲ್ಲೇ ಹಿಂದೆ ಹೋದೆ.

"ಅಜ್ಜಿ, ಸೊಪ್ಪಿಗೆ ಏನಾದ್ರೂ ಹಾಕಿದ್ರಾ?"

ಅತ್ತೆ ಗೋಡೆಯಿಂದ ಈಚೆಗೆ ತಿರುಗಿದರು. "ಏನು ಹಾಕ್ತೀನಿ? ಅರಿಶಿಣದ ನೀರು ಚಿಮುಕ್ಸಿದ್ದೆ ಅಷ್ಟೆ."

"ಯಾಕೆ?"

"ಯಾಕೆ ಅಂದ್ರೆ? ಮದ್ದಿನ ಸೊಪ್ಪು ಅರಿಶಿಣ ಮುಟ್ಟಿಸದೆ ಬರಿದು ಕೊಡಾಕೆ ಆಗ್ತೈತೇನು? ನಮ್ಮವ್ವ ಕೊಟ್ಟಿಲ್ಲ, ನಾನೂ ಕೊಡಂಗಿಲ್ಲ. ದಿನಾ ಪೂಜೆ ಆದ್ಮ್ಯಾಲೆ ಒಂದು ಕೈ ಚಿಮುಕಿಸ್ತಿದ್ದೆ. ಅದು ನನ್ನ ಕಾಲಿನ ಮದ್ದಲ್ವ, ಅದಕ್ಕೆ ಒಂದೀಟು ಜಾಸ್ತೀನೇ ಹಾಕಿದ್ದೆ."

ಮೇಡಂ ಮಂಚದ ಅಂಚಿಗೆ ಕುಸಿದು ಕೂತರು. ಕೋಟಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅತ್ತೆಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಅರಳಿತು. "ಅಂದ್ರೆ ಆ ಉಂಗುರ ನನ್ನ ಅರಿಶಿಣದ್ದು! ಲೇ, ಅರಿಶಿಣದ ಡಬ್ಬಿ ತಗಂಡು ಬಾರೆ. ಬಾಲ ಬ್ಯಾಡ, ಬಾಟ್ಲಿ ಬ್ಯಾಡ..."

"ಅಜ್ಜಿ, ಅದೂ ಗೊತ್ತಿಲ್ಲ" ಎಂದು ಮೇಡಂ ಅತ್ತೆಯ ಕೈ ಹಿಡಿದುಕೊಂಡರು. "ಅರಿಶಿಣಾನೋ, ಸೊಪ್ಪೋ, ನಾನು ಅಂಟಿಸಿದ ಬಾಲಾನೋ, ಬಾಲ ಸೊಪ್ಪಿಗೆ ಬಿಟ್ಟು ಅರಿಶಿಣಕ್ಕೇ ಅಂಟಿಕೊಂಡು ಇನ್ನೇನಾದ್ರೂ ಆತೋ, ನನಗೆ ಒಂದೂ ಗೊತ್ತಿಲ್ಲ. ನಾನು ಮಾಡಿದ್ದು ಏನು ಅಂತಾನೇ ನನಗೆ ಗೊತ್ತಿಲ್ಲ ಅಜ್ಜಿ."

ಅತ್ತೆ ಆಗ ಕೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ಮಾಡಿದಾಕಿಗೇ ಗೊತ್ತಿಲ್ಲ ಅಂದ್ರೆ, ನಾನು ಏನನ್ನ ಕಾಯ್ಕಂತ ಕೂತೀನಿ?"

"ಕಾಯಬ್ಯಾಡ್ರಿ ಅಂತ ಹೇಳಾಕೇ ಬಂದೀನಿ."

ಇಬ್ಬರೂ ಕೈ ಬಿಡಲಿಲ್ಲ. ಅಷ್ಟು ದಿನ ಡಾಕ್ಟರು ಹೇಳಿ, ಮಗ ಬೈದು, ನಾನು ಅತ್ತು ಆಗದ್ದು ಆ ಒಂದು "ಗೊತ್ತಿಲ್ಲ"ದಿಂದ ಆಯಿತು. ಅತ್ತೆ ಎದ್ದು ಕೂತು, "ಸೀರೆ ತೆಗಿಯೇ, ಹಸಿರುದು" ಎಂದರು.

ಮೇಡಂ ಕಾಲೇಜಿಗೆ ರಜೆ ಹಾಕಿ ನಮ್ಮ ಜೊತೆ ದಾವಣಗೆರೆಗೆ ಬಂದರು. ಆಸ್ಪತ್ರೆಯ ವರಾಂಡದಲ್ಲಿ ಕೂತೇ ಯಾರಿಗೋ ಫೋನ್ ಮಾಡಿದರು. ಬಂದರಿಕೆಯ ಬಗ್ಗೆ ತಾವು ವಿಚಾರ ಸಂಕಿರಣದಲ್ಲಿ ಓದಬೇಕಿದ್ದ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಬೇರೆ ಪದಾರ್ಥ ಸೇರಿದೆ ಎಂದರು. ಆ ಕಡೆಯವರು ಏನು ಸೇರಿದೆ ಎಂದು ಕೇಳಿರಬೇಕು. "ಅರಿಶಿಣ ಸರ್" ಎಂದರು. ಆ ಕಡೆಯ ನಗು ನನಗೂ ಕೇಳಿಸಿತು. ಮೇಡಂ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಫೋನಿಟ್ಟು, "ಅಕ್ಕಾ, ಅಜ್ಜಿಗೆ ಎಳನೀರು ಕೊಡಬೌದಾ ಅಂತ ಕೇಳಿದ್ರಾ?" ಎಂದರು.

ಅತ್ತೆಯ ಎರಡು ಬೆರಳು ಹೋದವು. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದರು ಡಾಕ್ಟರು. ಎಚ್ಚರವಾದಾಗ ಅತ್ತೆ ಬ್ಯಾಂಡೇಜು ನೋಡಿಕೊಂಡು, ಮೊದಲು ಕೇಳಿದ್ದು ಮೇಡಂ ಅವರನ್ನು. "ನಿನ್ನ ತಟ್ಟೆ ಕೆಡಿಸಿದ್ನೇನವ್ವ ನಾನು?"

"ಇಲ್ಲ ಅಜ್ಜಿ, ನೀವು ನನ್ನ ತಲಿ ಕೆಡಿಸಿದ್ರಿ" ಎಂದರು ಮೇಡಂ. ಅತ್ತೆ ಹೊಲಿಗೆ ನೋಯುವಷ್ಟು ನಕ್ಕರು.

ಆಮೇಲೆ ಮೇಡಂ ನಿಜಕ್ಕೂ ಮೊದಲಿಂದ ಬಂದರು. ಬರೀ ಸೊಪ್ಪಿಗೆ ಬಾಲ ಅಂಟಿಸಿ ನೋಡಿದರು: ಉಂಗುರ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅಷ್ಟೇ ಅಳತೆಯ ಅರಿಶಿಣ ಒಂದನ್ನೇ ಹಾಕಿ ನೋಡಿದರು: ಏನೂ ಇಲ್ಲ. ಎರಡನ್ನೂ ಕೂಡಿಸಿದರೆ ಒಮ್ಮೆ ಚೆಂದದ ಉಂಗುರ ಬರುವುದು, ಇನ್ನೊಮ್ಮೆ ತಟ್ಟೆ ತುಂಬ ಕೆನೆಯೇ. ಪ್ರತಿ ಫೋಟೋ ಬಂದಾಗಲೂ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಮಗಿಬ್ಬರಿಗೂ ತೋರಿಸುವರು. ಅತ್ತೆ, "ಹೋದ ಸಲ ಬಂದಿತ್ತಲ್ಲೇ?" ಎನ್ನುವರು. "ಬಂದಿತ್ತು ಅಜ್ಜಿ." "ಈ ಸಲ ಯಾಕೆ ಬರ್ಲಿಲ್ಲ?" "ಗೊತ್ತಿದ್ರೆ ನಿಮ್ಮ ಹೊಸ್ತಿಲ ಮ್ಯಾಲೆ ಯಾಕೆ ಕೂರ್ತಿದ್ದೆ?" ಮೂವರೂ ಆ ಫೋಟೋದ ಮೇಲೆ ತಲೆ ಬಗ್ಗಿಸಿ ಕೂತಿರುತ್ತಿದ್ದೆವು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಮರು ವರ್ಷ ಕಾಲೇಜು ಅವರನ್ನು ಕರೆಯಲಿಲ್ಲ. ದೂರದ ಒಂದು ಊರಿನಲ್ಲಿ, ಯಾರದೋ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೋಣೆ ಖಾಲಿ ಮಾಡುವ ವಾರ ಅತ್ತೆ ಮತ್ತೆ ತವರಿನಿಂದ ಸೊಪ್ಪು ತರಿಸಿದರು. ಈ ಸಲ ಮೇಡಂ ಕೇಳಿದಂತೆ ಎರಡು ಪಾಲು. ಒಂದಕ್ಕೆ ಅರಿಶಿಣದ ನೀರು, ಇನ್ನೊಂದಕ್ಕೆ ಇಲ್ಲ. ಎರಡನೆಯ ಪಾಲು ಒಣಗಿಸುವಾಗ ಅತ್ತೆಯ ಮುಖ ನೋಡಬೇಕಿತ್ತು. ಪೂಜೆ ಮುಗಿಸಿ ಬಂದವರು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದರು. "ಬರಿದು ಕೊಡ್ತಿದೀನಲ್ಲೇ. ನಮ್ಮವ್ವ ನೋಡಿದ್ರೆ ಏನಂತಾಳೆ" ಎಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದರು.

ಬಸ್ ಸ್ಟ್ಯಾಂಡಿಗೆ ಅತ್ತೆಯೂ ಬಂದರು. ಒತ್ತದ ಚಪ್ಪಲಿ ಹಾಕಿ, ಕಾಲು ಒಂದು ಪಕ್ಕಕ್ಕೆ ಊರುತ್ತ. ಬಸ್ಸು ಹೊರಡುವ ಮೊದಲು ಕಿಟಕಿಯಲ್ಲಿ ಎರಡೂ ಬಟ್ಟೆಚೀಲ ಕೊಟ್ಟರು. ಮೇಡಂ ಅಭ್ಯಾಸ ಬಲದಿಂದ ಒಂದು ಚೀಲವನ್ನು ಬೆಳಕಿಗೆ ಎತ್ತಿ ಹಿಡಿದು, "ಯಾವುದು ಯಾವುದಜ್ಜಿ?" ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಎರಡೂ ನಮ್ಮ ಹಳೆ ದಿಂಬಿನ ಅದೇ ಬಟ್ಟೆಯವು, ಎರಡರ ಬಾಯಿಗೂ ಅದೇ ದಾರ.

"ಅಯ್ಯೋ ನನ್ನ ಬಾಯಿಗೆ ಮಣ್ಣಾಕ" ಎಂದರು ಅತ್ತೆ.

ಮೇಡಂ ಕಿಟಕಿಗೆ ಹಣೆ ಒತ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇರ್ಲಿ ಬಿಡ್ರಿ ಅಜ್ಜಿ. ಸೋಪು ಹಾಕಿ ನೋಡ್ತೀನಿ. ಕೆಂಪಗಾಗಿದ್ದು ನಿಮ್ಮದು." ಬಸ್ಸು ತಿರುಗುವ ತನಕ ಆ ಎರಡು ಚೀಲಗಳೂ ಕಿಟಕಿಯಲ್ಲಿ ಕಾಣುತ್ತಿದ್ದವು.

ಕೆಲವು ತಿಂಗಳ ಮೇಲೆ ನನ್ನ ಫೋನಿಗೆ ಒಂದು ಫೋಟೋ ಬಂತು. ಗಾಜಿನ ತಟ್ಟೆ, ಚುಕ್ಕಿ, ಸುತ್ತ ಒಂದು ಉಂಗುರ. ಕೆಳಗೆ, "ಅಜ್ಜಿಗೆ ತೋರಿಸ್ರಿ ಅಕ್ಕಾ. ಇನ್ನೊಂದ್ಸಲ ಮಾಡಿ ನೋಡಿ, ಯಾವ ಚೀಲದ್ದು ಅಂತ ಫೋನ್ ಮಾಡಿ ಹೇಳ್ತೀನಿ" ಎಂದಿತ್ತು. ಫೋನ್ ಬರಲಿಲ್ಲ. ನಾವೇ ಮಾಡಿದರೆ ಈ ನಂಬರು ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ಬಸವಾಪಟ್ಟಣದ ಕಡೆಯವರು ಸಿಕ್ಕಾಗಲೆಲ್ಲ ಯಜಮಾನರು ವಿಚಾರಿಸುತ್ತಾರೆ. ಎಲ್ಲೋ ಲ್ಯಾಬಿನಲ್ಲಿ ಇದ್ದಾರೆ, ಊರಿಗೆ ಬರುವುದು ಕಡಿಮೆ ಎನ್ನುತ್ತಾರೆ.

ಅತ್ತೆ ಎಂಟು ಬೆರಳಲ್ಲಿ ಮನೆ ತುಂಬ ಓಡಾಡುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಒಮ್ಮೊಮ್ಮೆ, "ಆ ಫೋಟೋ ತೆಗಿಯೇ" ಎನ್ನುತ್ತಾರೆ. ತೆಗೆದು ತೋರಿಸುತ್ತೇನೆ. "ಯಾವ ಚೀಲದ್ದಂತೆ?" ಎನ್ನುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ನಿನ್ನೆಯೂ ಹಾಗೇ ಆಯಿತು. ಏನಾದರೂ ಕಂಡೀತೇ ಎಂದು ನಾನು ಫೋನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ.

"ಹಂಗೆ ಎತ್ತಿ ಹಿಡಿದ್ರೆ ಫೋನಿನಾಗೆ ಏನು ಕಾಣ್ತೈತೆ?" ಎಂದರು ಅತ್ತೆ.